ಹೊಯಿಗೆಯಲ್ಲಿ ಪಳಗಿದ ದಪ್ಪ ಟಯರು ಹಿಮದ ರೇಸಿಗೆ ಹೋಗುವಾಗ

ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಒಣ ಹೊಯಿಗೆಗೆ, ಅಂದರೆ ಮರಳಿಗೆ, ಮಾಮೂಲಿ ಸೈಕಲ್ ಇಳಿಸಿ ನೋಡಿದವರಿಗೆ ಗೊತ್ತು: ಹತ್ತು ಮಾರು ಹೋಗುವುದರೊಳಗೆ ಮುಂದಿನ ಚಕ್ರ ಹೂತು ಹ್ಯಾಂಡಲ್ ಅಡ್ಡ ತಿರುಗುತ್ತದೆ, ಮತ್ತೆ ಉಳಿಯುವುದು ತಳ್ಳುವ ಕೆಲಸ ಮಾತ್ರ. ಅದೇ ಜಾಗದಲ್ಲಿ ನಾಲ್ಕಿಂಚು ಅಗಲದ ಟಯರಿರುವ ಫ್ಯಾಟ್ ಬೈಕನ್ನು ಗಾಳಿ ಇಳಿಸಿಕೊಂಡು ಹೊರಡಿಸಿದರೆ ಅದು ಹೂಳದೆ ಮೇಲೆಯೇ ಸಾಗುತ್ತದೆ. ಮಿನೆಸೋಟ, ಅಲಾಸ್ಕ, ಫಿನ್‌ಲ್ಯಾಂಡ್ ಮುಂತಾದ ಕಡೆ ಚಳಿಗಾಲದಲ್ಲಿ ಹಿಮದ ದಾರಿಗಳ ಮೇಲೆ ನಡೆಯುವ ಫ್ಯಾಟ್ ಬೈಕ್ ರೇಸುಗಳು ನಿಂತಿರುವುದೂ ಇದೇ ತತ್ವದ ಮೇಲೆ. ಹಾಗಾಗಿ ಕರಾವಳಿಯ ಸವಾರರಿಗೆ ಈ ಆಟದ ಅರ್ಧಪಾಲು ಮನೆಯ ಹತ್ತಿರವೇ ಸಿಗುತ್ತದೆ. ಉಳಿದರ್ಧ ಇಲ್ಲಿ ಸಿಗುವುದಿಲ್ಲ ಎಂಬುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇಲ್ಲಿನ ಸೆಕೆಯಲ್ಲಿ ಮೈಗೂಡಿದ ಕೆಲವು ಅಭ್ಯಾಸಗಳು ಅಲ್ಲಿ ಬೆರಳು ಕಳೆದುಕೊಳ್ಳುವ ಮಟ್ಟಕ್ಕೆ ತರುತ್ತವೆ. ಗಾಳಿಯ ಲೆಕ್ಕವನ್ನು ಇಲ್ಲಿಂದ ಒಯ್ಯಬಹುದು, ಬೆವರಿನ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಬೇಕು.

ಅಂದಹಾಗೆ ಈ ಸೈಕಲ್ ಹುಟ್ಟಿದ್ದೇ ಹಿಮ ಮತ್ತು ಮರಳಿನ ನೆಂಟಸ್ತನದಿಂದ. 1987ರಲ್ಲಿ ಅಲಾಸ್ಕದಲ್ಲಿ ಇಡಿಟಾಬೈಕ್ ಎಂಬ 200 ಮೈಲಿಯ ರೇಸು ಶುರುವಾದಾಗ ಸವಾರರ ಹತ್ತಿರ ಇದ್ದದ್ದು ಸಾಮಾನ್ಯ ಮೌಂಟನ್ ಬೈಕು. ಹಿಮ ಮೆತ್ತಗಿದ್ದಲ್ಲೆಲ್ಲ ಇಳಿದು ತಳ್ಳಬೇಕಿತ್ತು. ಫೇರ್‌ಬ್ಯಾಂಕ್ಸ್ ಊರಿನ ಸೈಮನ್ ರಾಕೋವರ್ ಟಯರನ್ನು ಅಗಲಿಸಲು 44 ಮಿಲಿಮೀಟರಿನ ಸ್ನೋಕ್ಯಾಟ್ ರಿಮ್ ತಂದರು. ಅತ್ತ ನ್ಯೂ ಮೆಕ್ಸಿಕೋದ ರೇ ಮೊಲಿನಾ ಮರಳುಹಾದಿಗಾಗಿ ಅದರ ಹತ್ತಿರಹತ್ತಿರ ಎರಡರಷ್ಟು ಅಗಲದ ರಿಮ್ಮು, ಅದಕ್ಕೊಪ್ಪುವ ಟಯರು ಮಾಡಿಸಿದ್ದರು. ಅಲಾಸ್ಕದ ಮಾರ್ಕ್ ಗ್ರೋನ್‌ವಾಲ್ಡ್ ಆ ಮರಳಿನ ರಿಮ್ಮನ್ನು ಹಿಮಕ್ಕೆ ತಂದು ಫ್ರೇಮ್ ಕಟ್ಟಿದರು. 2005ರಲ್ಲಿ ಸರ್ಲಿ ಕಂಪೆನಿಯ ಪಗ್ಸ್ಲಿ ಎಂಬ ಫ್ಯಾಟ್ ಬೈಕ್ ಬಂದ ಮೇಲೆ ಇದು ಅಂಗಡಿಯಲ್ಲಿ ಸಿಗುವ ವಸ್ತುವಾಯಿತು. ಅದರ ರಿಮ್ 65 ಮಿಲಿಮೀಟರ್, ಟಯರು 3.7 ಇಂಚು. ಇವತ್ತು ರೇಸಿಗೆ ಬರುವವರ ರಿಮ್ 80ರಿಂದ 100 ಮಿಲಿಮೀಟರ್, ಟಯರು 4ರಿಂದ 5 ಇಂಚು.

ಬೆಂಕಿಪೆಟ್ಟಿಗೆ ಮತ್ತು ಅಂಗೈ

ಟಯರಿನೊಳಗೆ ಎಷ್ಟು ಒತ್ತಡವಿದೆಯೋ ಸರಿಸುಮಾರು ಅಷ್ಟೇ ಒತ್ತಡವನ್ನು ಟಯರು ನೆಲದ ಮೇಲೆ ಹಾಕುತ್ತದೆ. ಒಂದು ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ 70 ಗ್ರಾಂ ಭಾರ. 70 ಕೆ.ಜಿ. ಸವಾರ, 15 ಕೆ.ಜಿ. ಸೈಕಲು, 15 ಕೆ.ಜಿ. ಸಾಮಾನು ಸೇರಿ 100 ಕೆ.ಜಿ. ಎಂದಿಟ್ಟುಕೊಳ್ಳೋಣ. 40 ಪಿಎಸ್‌ಐ ತುಂಬಿದರೆ ಈ ಭಾರ ಹೊರಲು ಎರಡೂ ಚಕ್ರ ಸೇರಿ 36 ಚದರ ಸೆಂಟಿಮೀಟರ್ ಸಾಕು, ಅಂದರೆ ಒಂದೊಂದು ಚಕ್ರದಡಿ ಒಂದು ಬೆಂಕಿಪೆಟ್ಟಿಗೆಯಷ್ಟು ಜಾಗ. 5 ಪಿಎಸ್‌ಐಗೆ ಇಳಿಸಿದರೆ ಒಟ್ಟು 284 ಚದರ ಸೆಂಟಿಮೀಟರ್ ಬೇಕು. ಅಂದರೆ ಒಂದೊಂದು ಚಕ್ರವೂ ಬೆರಳು ಚಾಚಿದ ಅಂಗೈಯಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಟಯರಿನ ಗೋಡೆಯ ಬಿಗಿಯಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಹೂಳುವುದಕ್ಕೂ ತೇಲುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇಲ್ಲಿ ಜನ ಮೊದಲು ಎಡವುವುದು ಪಂಪಿನ ಮೀಟರಿನಲ್ಲಿ. ಸಾಮಾನ್ಯ ನೆಲಪಂಪಿನ ಮುಳ್ಳು 10 ಪಿಎಸ್‌ಐಗಿಂತ ಕೆಳಗೆ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಈ ಆಟದಲ್ಲಿ ನಡೆಯುವುದೆಲ್ಲ 2ರಿಂದ 10ರ ನಡುವೆ. 0–15 ಪಿಎಸ್‌ಐ ತೋರಿಸುವ ಪ್ರತ್ಯೇಕ ಗೇಜ್ ಇಲ್ಲದೆ ಅಭ್ಯಾಸ ಶುರುಮಾಡುವುದು ದಂಡ. 40 ಪಿಎಸ್‌ಐನಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಯಾರಿಗೂ ತಿಳಿಯುವುದಿಲ್ಲ, 5ರಲ್ಲಿ ಒಂದು ಕಮ್ಮಿಯಾದರೆ ಐದನೇ ಒಂದು ಪಾಲು ಹೋಯಿತು.

ಅಭ್ಯಾಸಕ್ಕೆ ಪಣಂಬೂರು, ತಣ್ಣೀರುಬಾವಿಯ ತೀರಗಳು, ಉಡುಪಿ ಕಡೆಯವರಿಗೆ ಮಲ್ಪೆಯ ಪಡುಕೆರೆ, ಮಟ್ಟು, ಕಾಪು ಇವೆ. ಸಮುದ್ರದ ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು, ಅದು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ನೀರು ಇಳಿದಾಗ ಸಿಗುವ ಗಟ್ಟಿ ಒದ್ದೆ ಹೊಯಿಗೆ ಯಂತ್ರದಲ್ಲಿ ಚೆನ್ನಾಗಿ ಒತ್ತಿ ಸಮ ಮಾಡಿದ ಹಿಮದ ಹಾದಿಯಂತೆ. ಮೇಲಿನ ಒಣ ಹೊಯಿಗೆ ಹೊಸದಾಗಿ ಬಿದ್ದ ಹಿಮದಂತೆ. ಎರಡರಲ್ಲೂ ಓಡಿಸಬೇಕು.

ಕ್ರಮ ಹೀಗೆ. 10 ಪಿಎಸ್‌ಐ ತುಂಬಿ ಒಣ ಹೊಯಿಗೆಯಲ್ಲಿ ನೂರು ಮೀಟರ್ ಹೋಗಿ ಇಳಿದು ಹಿಂದಿನ ಗುರುತು ನೋಡಿ. ಅಂಚು ಕುಸಿದ ಕಾಲುವೆಯಂಥ ಗೆರೆ ಬಿದ್ದಿದ್ದರೆ ಗಾಳಿ ಹೆಚ್ಚು. ಒಂದು ಪಿಎಸ್‌ಐ ಇಳಿಸಿ ಮತ್ತೆ ಹೋಗಿ. 6ರ ಹತ್ತಿರ ಬರುವಾಗ ಗೆರೆ ಅಗಲವಾಗಿ, ಆಳ ಕಡಿಮೆಯಾಗಿ, ಟಯರಿನ ಗುಬುಟುಗಳು ಅಚ್ಚು ಒತ್ತಿದಂತೆ ಮೂಡುತ್ತವೆ. ಈಗ ಸೈಕಲ್ ಮೇಲೆ ಕೂತು ಬಗ್ಗಿ ಹಿಂದಿನ ಟಯರು ನೋಡಿ: ನೆಲ ಮುಟ್ಟುವಲ್ಲಿ ಗೋಡೆಯ ಮೇಲೆ ಎರಡು ಮೂರು ಸಣ್ಣ ಸುಕ್ಕು ಕಾಣುತ್ತದೆ. ಆ ಸುಕ್ಕನ್ನು ಕಣ್ಣಲ್ಲಿ ತುಂಬಿಕೊಳ್ಳಬೇಕು. ಮೈನಸ್ 25 ಡಿಗ್ರಿಯಲ್ಲಿ ಕೈಗವಸು ತೆಗೆದು ಗೇಜ್ ಹಚ್ಚಲು ಯಾರೂ ಬಯಸುವುದಿಲ್ಲ, ಅನುಭವಿಗಳು ಸುಕ್ಕು ನೋಡಿಯೇ ಒತ್ತಡ ಹೇಳುತ್ತಾರೆ. ಇನ್ನೂ ಇಳಿಸಿ 4ಕ್ಕೆ ಬಂದರೆ ಹ್ಯಾಂಡಲ್ ತನ್ನಿಂತಾನೇ ಒಂದು ಕಡೆ ಎಳೆಯತೊಡಗುತ್ತದೆ, ಗಟ್ಟಿ ನೆಲದಲ್ಲಿ ಸೈಕಲ್ ಕುಪ್ಪಳಿಸುತ್ತದೆ. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಅರ್ಧದಿಂದ ಒಂದು ಪಿಎಸ್‌ಐ ಕಡಿಮೆ ಇಡುವುದು ವಾಡಿಕೆ, ಭಾರ ಹಿಂದೆ ಹೆಚ್ಚು ಬೀಳುತ್ತದಲ್ಲ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಫ್ಯಾಟ್ ಬೈಕುಗಳ ಟಯರಿನ ಗೋಡೆ ದಪ್ಪ, ನೂಲು ಒರಟು. 5 ಪಿಎಸ್‌ಐನಲ್ಲೂ ಅದು ಸುಕ್ಕುಗಟ್ಟುವುದಿಲ್ಲ, ಮಡಚಿಕೊಳ್ಳುತ್ತದೆ. ಅಂಥದ್ದರಲ್ಲಿ ಕಾಲಿನ ಕಸರತ್ತು ಆದೀತು, ಒತ್ತಡದ ಪಾಠ ಆಗುವುದಿಲ್ಲ.

ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಿ ಚೈನಿಗೆ ಎಣ್ಣೆ ಬಿಡಬೇಕು, ಇಲ್ಲದಿದ್ದರೆ ಉಪ್ಪು ಒಂದು ಮಳೆಗಾಲದೊಳಗೆ ಬೇರಿಂಗ್ ತಿಂದುಹಾಕುತ್ತದೆ. ಚಳಿಗಾಲದಲ್ಲಿ ಕಡಲಾಮೆಯ ಮೊಟ್ಟೆಗಾಗಿ ಅರಣ್ಯ ಇಲಾಖೆ ಬೇಲಿ ಹಾಕಿದ ಜಾಗ ಕಂಡರೆ ಆ ಮೇಲ್ಪಟ್ಟಿಗೆ ಚಕ್ರ ಹಾಯಿಸಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಹಿಮ ಹೊಯಿಗೆಯಂತೆ ವರ್ತಿಸದ ಒಂದು ವಿಷಯವಿದೆ. ಹೊಯಿಗೆಯ ಕಾಳುಗಳು ಎಷ್ಟು ಹೊತ್ತು ಬಿಟ್ಟರೂ ಒಂದಕ್ಕೊಂದು ಅಂಟುವುದಿಲ್ಲ. ಹಿಮದ ಹರಳುಗಳು ಅಂಟುತ್ತವೆ. ಯಂತ್ರದಲ್ಲಿ ಒತ್ತಿದ ಹಾದಿಯನ್ನು ಒಂದು ಚಳಿ ರಾತ್ರಿ ಮುಟ್ಟದೆ ಬಿಟ್ಟರೆ ಬೆಳಿಗ್ಗೆ ಅದು ಕಾಂಕ್ರೀಟಿನಂತೆ ಕೂತಿರುತ್ತದೆ. ಅದೇ ಹಾದಿ ಮಧ್ಯಾಹ್ನ ಸೊನ್ನೆ ಡಿಗ್ರಿಗೆ ಹತ್ತಿರವಾದರೆ ಉಪ್ಪಿಟ್ಟಿನ ಹದಕ್ಕೆ ಬರುತ್ತದೆ. ಆದ್ದರಿಂದ ಒಂದೇ ರೇಸಿನಲ್ಲಿ ಬೆಳಗಿನ ಒತ್ತಡ ಬೇರೆ, ಮಧ್ಯಾಹ್ನದ್ದು ಬೇರೆ. ಗಟ್ಟಿ ಹಾದಿಗೆ 6–8, ಮೆತ್ತಗಿನದಕ್ಕೆ 3–5, ಹೊಸ ಹಿಮಕ್ಕೆ 2–3 ಎಂಬುದು ನೆಚ್ಚಬಹುದಾದ ಆರಂಭ. ಮೈನಸ್ 20ಕ್ಕಿಂತ ಕೆಳಗೆ ಮಾತ್ರ ಹಿಮ ಮತ್ತೆ ಹೊಯಿಗೆಯ ಗುಣಕ್ಕೆ ಮರಳುತ್ತದೆ: ಒಣಗಿ, ಕಿರುಗುಟ್ಟುತ್ತ, ಚಕ್ರವನ್ನು ಹಿಡಿದೆಳೆಯುತ್ತದೆ.

ಹೋಟೆಲ್ ಕೋಣೆಯಲ್ಲಿ ತುಂಬಿದ ಗಾಳಿ

ಕರಾವಳಿಯ ಸವಾರ ಎಂದೂ ಎದುರಿಸದ ಲೆಕ್ಕ ಇದು. ಚಳಿಗೆ ಗಾಳಿ ಕುಗ್ಗುತ್ತದೆ. ರೇಸಿನ ಹಿಂದಿನ ರಾತ್ರಿ 20 ಡಿಗ್ರಿಯ ಬೆಚ್ಚನೆ ಕೋಣೆಯಲ್ಲಿ ಗೇಜ್ ಹಿಡಿದು ಸರಿಯಾಗಿ 5 ಪಿಎಸ್‌ಐ ಇಟ್ಟು, ಬೆಳಿಗ್ಗೆ ಮೈನಸ್ 20ಕ್ಕೆ ಸೈಕಲ್ ಹೊರತಂದರೆ ಒಳಗೆ ಉಳಿದಿರುವುದು 2.3 ಮಾತ್ರ. ಗೇಜ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ನಿಜವಾದ ಒತ್ತಡಕ್ಕೆ ವಾತಾವರಣದ 14.7 ಕೂಡಿಸಬೇಕು. ಕೆಲ್ವಿನ್ ಲೆಕ್ಕದಲ್ಲಿ ಮೈನಸ್ 20 ಡಿಗ್ರಿ ಎಂದರೆ 253, 20 ಡಿಗ್ರಿ ಎಂದರೆ 293. 19.7ನ್ನು 253ರಿಂದ ಗುಣಿಸಿ 293ರಿಂದ ಭಾಗಿಸಿದರೆ 17, ಅದರಲ್ಲಿ 14.7 ಕಳೆಯಿರಿ. ಮೊದಲೇ ಕಡಿಮೆ ಒತ್ತಡದ ಆಟವಾದ್ದರಿಂದ ಈ ಕುಸಿತ ರೋಡ್ ಬೈಕಿನವರಿಗಿಂತ ಇಲ್ಲಿ ಎಷ್ಟೋ ಪಟ್ಟು ಜೋರಾಗಿ ತಟ್ಟುತ್ತದೆ. ಪರಿಹಾರ ಸುಲಭ: ಕೋಣೆಯಲ್ಲಿ 8 ತುಂಬಿದರೆ ಹೊರಗೆ ಸುಮಾರು 5 ಸಿಗುತ್ತದೆ. ಇಲ್ಲವೇ ಸೈಕಲನ್ನು ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಹೊಂದಿಸಿ. ಇಳಿಸುವುದು ಎರಡು ಸೆಕೆಂಡಿನ ಕೆಲಸ, ತುಂಬುವುದು ಬೆವರಿನ ಕೆಲಸ, ಹಾಗಾಗಿ ಯಾವಾಗಲೂ ಹೆಚ್ಚಿಟ್ಟುಕೊಂಡೇ ಹೊರಡಬೇಕು.

ಬೆವರು ಎಂದದ್ದು ಸುಮ್ಮನೆ ಅಲ್ಲ. ನಾಲ್ಕೂವರೆ ಇಂಚಿನ ಟಯರಿನೊಳಗೆ 21 ಲೀಟರಿಗಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ಒಂದು ಸಲಕ್ಕೆ 100 ಮಿಲಿಲೀಟರ್ ತಳ್ಳುವ ಕೈಪಂಪಿನಲ್ಲಿ ಪೂರ್ತಿ ಚಪ್ಪಟೆಯಾದ ಟಯರನ್ನು 5 ಪಿಎಸ್‌ಐಗೆ ತರಲು ಹೆಚ್ಚುಕಮ್ಮಿ 300 ಸಲ ಹೊಡೆಯಬೇಕು. ಟ್ಯೂಬ್‌ಲೆಸ್ ಹಾಕಿದವರಿಗೆ ಇನ್ನೊಂದು ಸಂಕಟ: ಕಡಿಮೆ ಒತ್ತಡದಲ್ಲಿ ಬದಿಗೆ ಜೋರಾಗಿ ಬಿದ್ದರೆ ಟಯರಿನ ಅಂಚು ರಿಮ್ಮಿನಿಂದ ಕಿತ್ತು ಗಾಳಿ ಪೂರ್ತಿ ಹೋಗುತ್ತದೆ, ಕೈಪಂಪಿನಲ್ಲಿ ಅದನ್ನು ಮತ್ತೆ ಕೂರಿಸುವುದು ಬಹುಪಾಲು ಆಗದ ಮಾತು. ಆದ್ದರಿಂದ ಟ್ಯೂಬ್‌ಲೆಸ್ ಇದ್ದರೂ ಒಂದು ಫ್ಯಾಟ್ ಟ್ಯೂಬ್ ಚೀಲದಲ್ಲಿ ಇರಲೇಬೇಕು.

ಫ್ರೀಜರಿನ ಪರೀಕ್ಷೆ

ತೆಂಗಿನೆಣ್ಣೆ ಬಳಸುವ ಊರಿನವರಿಗೆ ಚಳಿಗೆ ಎಣ್ಣೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 24 ಡಿಗ್ರಿಗೆ ಇಳಿದರೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದೆ, ಮಡಿಕೇರಿಗೆ ಹೋದವರು ಅದನ್ನು ಕೆಂಡದ ಹತ್ತಿರ ಇಟ್ಟು ಕರಗಿಸುತ್ತಾರೆ. ಸೈಕಲಿನ ಗ್ರೀಸಿಗೂ ಇದೇ ಗತಿ, ಬರೇ ಇನ್ನೂ ಕೆಳಗಿನ ಡಿಗ್ರಿಯಲ್ಲಿ.

ಹಿಂದಿನ ಚಕ್ರದ ಫ್ರೀಹಬ್ಬಿನೊಳಗೆ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವ ಪುಟ್ಟ ಕೊಕ್ಕೆಗಳಿರುತ್ತವೆ. ಪೆಡಲ್ ತುಳಿದಾಗ ಅವು ಹಲ್ಲಿಗೆ ಕಚ್ಚಿ ಚಕ್ರ ತಿರುಗಿಸುತ್ತವೆ. ದಪ್ಪ ಗ್ರೀಸು ಗಟ್ಟಿಯಾದರೆ ಕೊಕ್ಕೆಗಳು ಮಡಚಿಕೊಂಡೇ ಉಳಿಯುತ್ತವೆ, ಪೆಡಲ್ ಎರಡೂ ಕಡೆ ಗಿರಗಿರ ತಿರುಗುತ್ತದೆ, ಸೈಕಲ್ ಮುಂದಕ್ಕೆ ಹೋಗುವುದಿಲ್ಲ. ಮೈನಸ್ 25ರಲ್ಲಿ ಕಾಡಿನ ನಡುವೆ ಇದಾದರೆ ಮುಂದಿನ ತಂಗುದಾಣದವರೆಗೆ ನಡೆಯುವುದೇ. ಹೊರಡುವ ಮೊದಲೇ ಫ್ರೀಹಬ್ ಬಿಚ್ಚಿ, ಕಾರ್ಖಾನೆಯ ಗ್ರೀಸು ಪೂರ್ತಿ ಒರೆಸಿ, ಕಡು ಚಳಿಗೆಂದೇ ಮಾಡಿದ ತೆಳು ಗ್ರೀಸು ಅಥವಾ ಕೆಲವು ಹನಿ ತೆಳು ಎಣ್ಣೆ ಹಾಕಬೇಕು.

ಯಾವುದು ತೆಳು, ಯಾವುದು ದಪ್ಪ ಎಂದು ಮನೆಯಲ್ಲೇ ತಿಳಿಯಬಹುದು. ಮನೆಯ ಫ್ರಿಜ್ಜಿನ ಫ್ರೀಜರು ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ, ಹಲವು ರೇಸುಗಳ ಬೆಳಗಿನ ಚಳಿಗೆ ಅದು ಸಮ. ಎರಡು ಚಮಚಕ್ಕೆ ಎರಡು ಬಗೆಯ ಗ್ರೀಸು ಸವರಿ ರಾತ್ರಿ ಒಳಗಿಡಿ. ಬೆಳಿಗ್ಗೆ ತೆಗೆದ ಕೂಡಲೇ ಕಡ್ಡಿಯಲ್ಲಿ ಎಳೆದು ನೋಡಿ: ಒಂದು ಮೇಣದಂತೆ ತುಂಡು ತುಂಡಾಗಿ ಎದ್ದು ಬಂದರೆ, ಇನ್ನೊಂದು ಕಡ್ಡಿಯ ಹಿಂದೆ ಎಳೆಯಾಗಿ ಬರುತ್ತದೆ. ಎಳೆ ಬಂದದ್ದೇ ಬೇಕಾದದ್ದು. ಜತೆಗೆ ಕೈಪಂಪು, ನೀರಿನ ಚೀಲದ ಕೊಳವೆ, ತಲೆದೀಪ, ಒಂದು ಗ್ಯಾಸ್ ಲೈಟರು, ತಿನ್ನಲು ಒಯ್ಯುವ ಚಿಕ್ಕಿ ಎಲ್ಲವನ್ನೂ ಇಡಿ. ಪಂಪಿನ ರಬ್ಬರ್ ಸೀಲ್ ಬಿಗಿದು ಗಾಳಿ ಹಿಡಿಯದಿರುವುದು, ಕೊಳವೆಯೊಳಗೆ ನಿಂತ ಅರ್ಧ ಗುಟುಕು ಮಂಜುಗಡ್ಡೆಯಾಗಿ ದಾರಿ ಮುಚ್ಚಿರುವುದು, ಲೈಟರು ಕಿಡಿ ಹಾರಿಸಿಯೂ ಹೊತ್ತಿಕೊಳ್ಳದಿರುವುದು ಅಲ್ಲೇ ಕಾಣುತ್ತದೆ. ಲೈಟರಿನೊಳಗಿನ ಬ್ಯೂಟೇನ್ ಸೊನ್ನೆಗಿಂತ ಕೆಳಗೆ ಅನಿಲವಾಗುವುದಿಲ್ಲ. ಇದೇ ಕಾರಣಕ್ಕೆ ಬ್ಯೂಟೇನ್ ಡಬ್ಬಿಯ ಸ್ಟೌ ಅಲ್ಲಿ ಕೈಕೊಡುತ್ತದೆ, ಪಂಪು ಹೊಡೆದು ಉರಿಸುವ ದ್ರವ ಇಂಧನದ ಸ್ಟೌ ಬೇಕು. ನಮ್ಮ ಹಳೆಯ ಸೀಮೆಎಣ್ಣೆ ಪಂಪ್ ಸ್ಟೌ ಹೊತ್ತಿಸಿ ಗೊತ್ತಿರುವವರಿಗೆ ಇಲ್ಲೊಂದು ಅನುಕೂಲವಿದೆ ಮಾರಾಯ್ರೆ. ಮಂಗಳೂರಿನ ಮೀನುಗಾರಿಕೆ ಧಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಮೀನಿನ ಶೀತಲಗೃಹದವರು ಪರಿಚಯವಿದ್ದು ಒಪ್ಪಿದರೆ ಇಡೀ ಚಕ್ರವನ್ನೇ ಒಂದು ರಾತ್ರಿ ಅಲ್ಲಿಡಬಹುದು. ಹೆಪ್ಪುಗಟ್ಟಿದ ಮೀನು ಇಡುವ ಕೋಣೆಯೂ ಮೈನಸ್ 18ರ ಲೆಕ್ಕದ್ದೇ.

ಉಳಿದ ಭಾಗಗಳ ಬಗ್ಗೆ ಚುಟುಕಾಗಿ. ಹೈಡ್ರಾಲಿಕ್ ಬ್ರೇಕಿನ ಎಣ್ಣೆ ಕಡು ಚಳಿಗೆ ದಪ್ಪವಾಗಿ, ಸೀಲು ಕುಗ್ಗಿ ಸೋರುವುದುಂಟು, ದೂರದ ರೇಸಿನವರು ಹಲವರು ಕೇಬಲ್ ಡಿಸ್ಕ್ ಬ್ರೇಕನ್ನೇ ನಂಬುತ್ತಾರೆ. ಮುಂದಿನ ಸಸ್ಪೆನ್ಷನ್ ಫೋರ್ಕ್ ಬೇಡ, ಟಯರೇ ಸಸ್ಪೆನ್ಷನ್. ಗೇರು ಹಗುರ ಬೇಕು: ಮುಂದೆ 28 ಅಥವಾ 30 ಹಲ್ಲು, ಹಿಂದೆ 11ರಿಂದ 50 ಹಲ್ಲಿನ ಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್. ಹೆಪ್ಪುಗಟ್ಟಿದ ಕೆರೆ, ನದಿಯ ಮೇಲೆ ಹಾದಿ ಹೋಗುವುದಾದರೆ ಮೊಳೆ ಹಾಕಿದ ಟಯರು ಬೇಕು, ಬರೀ ಹಿಮದ ಪುಡಿಯಲ್ಲಿ ಮೊಳೆಯಿಂದ ಏನೂ ಸಿಗದು. ಫ್ಯಾಟ್ ಬೈಕಿನ ಎರಡು ಪೆಡಲುಗಳ ನಡುವಿನ ಅಂತರ ರೋಡ್ ಬೈಕಿಗಿಂತ ಐದು ಸೆಂಟಿಮೀಟರಿನಷ್ಟು ಹೆಚ್ಚು. ಅಲ್ಲಿ ಹೋಗಿ ಬಾಡಿಗೆ ಸೈಕಲಿನಲ್ಲಿ ನೇರವಾಗಿ ನೂರು ಕಿಲೋಮೀಟರ್ ತುಳಿದರೆ ಮೊಣಕಾಲು ಹೊರಮಗ್ಗುಲಲ್ಲಿ ನೋಯುತ್ತದೆ. ಮೂರು ತಿಂಗಳಾದರೂ ಇಂಥ ಅಗಲದ ಕ್ರ್ಯಾಂಕಿನಲ್ಲಿ ಕಾಲು ಪಳಗಿರಬೇಕು.

ಬೆವರೇ ಶತ್ರು

ಮಂಗಳೂರಿನ ಹವೆಯಲ್ಲಿ ಬೆವರು ಆರುವುದಿಲ್ಲ, ಇಳಿಯುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈ ಒದ್ದೆಯಾಗದೆ ಸೈಕಲ್ ಹೊಡೆದದ್ದು ಲೆಕ್ಕವೇ ಅಲ್ಲ ಎಂಬ ಭಾವನೆ ಬೇರೆ. ಹಿಮದ ರೇಸಿನಲ್ಲಿ ಬಿಟ್ಟುಕೊಡುವವರಲ್ಲಿ ಎಷ್ಟೋ ಜನರ ಕಾಲಿನ ಶಕ್ತಿ ಮುಗಿದಿರುವುದಿಲ್ಲ, ಒಳಬಟ್ಟೆ ಒದ್ದೆಯಾಗಿರುತ್ತದೆ. ಏರು ಹತ್ತುವಾಗ ಬಂದ ಬೆವರು ಬಟ್ಟೆಯಲ್ಲಿ ಕೂರುತ್ತದೆ, ಜಾಕೆಟ್ಟಿನ ಒಳಮೈಯಲ್ಲಿ ಮಂಜಿನ ಪುಡಿಯಾಗಿ ಹೆಪ್ಪುಗಟ್ಟುತ್ತದೆ, ಇಳಿಜಾರಿನಲ್ಲಿ ತುಳಿಯುವುದು ನಿಂತ ಕೂಡಲೇ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಗಾಳಿಯೇ ಇಲ್ಲದ ಮೈನಸ್ 20ರಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೂ ತೆರೆದ ಚರ್ಮಕ್ಕೆ ಅದು ಮೈನಸ್ 30.

ಆದ್ದರಿಂದ ನಿಯಮ: ಹೊರಡುವಾಗ ಚಳಿಯಾಗುತ್ತಿರಬೇಕು. ಆರಂಭದ ಗೆರೆಯಲ್ಲಿ ಬೆಚ್ಚಗಿದ್ದವರು ಹೆಚ್ಚು ಬಟ್ಟೆ ಹಾಕಿದ್ದಾರೆ ಎಂದರ್ಥ. ಹತ್ತು ನಿಮಿಷ ತುಳಿದರೆ ಮೈ ಹದಕ್ಕೆ ಬರುತ್ತದೆ. ಏರು ಶುರುವಾಗುವ ಮುಂಚೆಯೇ ಜಿಪ್ ತೆರೆಯಬೇಕು, ಬೆವರು ಬಂದ ಮೇಲೆ ತೆರೆದರೆ ತಡವಾಯಿತು. ಬೆವರುತ್ತಿದೆ ಎನಿಸಿದರೆ ವೇಗ ಇಳಿಸಿ. ರೇಸಿನಲ್ಲಿ ವೇಗ ಇಳಿಸುವುದೇ ಎಂದು ಕೇಳುವವರು ಆರನೇ ಗಂಟೆಯವರೆಗೆ ಕಾದು ನೋಡಲಿ.

ಮೈಗೆ ತಾಗುವ ಬಟ್ಟೆ ಉಣ್ಣೆಯದು ಅಥವಾ ಸಿಂಥೆಟಿಕ್, ಅದರ ಮೇಲೆ ಗಾಳಿ ತಡೆಯುವ ತೆಳು ಪದರ. ಹತ್ತಿ ಯಾವ ರೂಪದಲ್ಲೂ ಬೇಡ. ಬನಿಯನ್ನು, ಅಭ್ಯಾಸಬಲದಿಂದ ಕುತ್ತಿಗೆಗೆ ಸುತ್ತುವ ಬೈರಾಸು, ಎರಡೂ ಮನೆಯಲ್ಲೇ ಇರಲಿ. ದಪ್ಪ ತುಪ್ಪಳದ ಜಾಕೆಟ್ ತುಳಿಯುವಾಗ ಹಾಕುವುದಕ್ಕಲ್ಲ, ನಿಂತಾಗ ಹಾಕುವುದಕ್ಕೆ. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು. ಪಂಕ್ಚರಾಗಿ ಇಳಿದರೆ ಮೊದಲು ಜಾಕೆಟ್, ಆಮೇಲೆ ಸ್ಪ್ಯಾನರು. ತಿರುಗಾಮುರುಗಾ ಮಾಡಿದವರ ಬೆರಳು ಎರಡನೇ ನಿಮಿಷಕ್ಕೇ ವಾಲ್ವ್ ಕ್ಯಾಪ್ ಹಿಡಿಯದ ಸ್ಥಿತಿಗೆ ಬರುತ್ತದೆ.

ಕೈಗೆ ಪೋಗೀಸ್ ಎಂಬ ಸಾಧನವಿದೆ. ಹ್ಯಾಂಡಲಿನ ಎರಡೂ ತುದಿಗೆ ಕಟ್ಟುವ ದಪ್ಪ ಗೂಡು, ಬ್ರೇಕು ಗೇರುಗಳೆಲ್ಲ ಅದರೊಳಗೆ, ಕೈಯೂ ಅದರೊಳಗೆ. ಒಳಗೆ ತೆಳು ಕೈಗವಸು ಸಾಕು. ತಿಂಡಿಯ ಚೂರನ್ನೂ ಅಲ್ಲೇ ಬೆಚ್ಚಗಿಡುತ್ತಾರೆ. ಕಾಲಿಗೆ ಎರಡು ಅಳತೆ ದೊಡ್ಡ ಬೂಟು, ಬೆರಳು ಅಲ್ಲಾಡುವಷ್ಟು ಜಾಗ. ದಪ್ಪ ಸಾಕ್ಸ್ ತುರುಕಿ ಬೂಟು ಬಿಗಿ ಮಾಡಿದರೆ ರಕ್ತ ಓಡದೆ ಚಳಿ ಇನ್ನೂ ಹೆಚ್ಚಾಗುತ್ತದೆ. ಪೆಡಲಿಗೆ ಸಿಕ್ಕಿಸಲು ಬೂಟಿನಡಿ ಇರುವ ಲೋಹದ ಕ್ಲೀಟ್ ಬಿಸಿಯನ್ನು ಹೊರಕ್ಕೆ ಎಳೆಯುವುದರಿಂದ ಹೊಸಬರಿಗೆ ಸಪಾಟು ಪೆಡಲೇ ಒಳ್ಳೆಯದು. ಹೇಗೂ ಸಾಕಷ್ಟು ದೂರ ನಡೆಯಲಿಕ್ಕಿದೆ.

ಹಿಮಕಡಿತದ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವುದರ, ಬಗ್ಗೆ ನಮ್ಮವರು ವಿಶೇಷವಾಗಿ ತಿಳಿದಿರಬೇಕಾದ ಮಾತೊಂದಿದೆ. ಮೂಗಿನ ತುದಿ, ಕೆನ್ನೆ ಬೆಳ್ಳಗಾದರೆ ಎಚ್ಚರ ಎಂದು ಕೈಪಿಡಿಗಳಲ್ಲಿ ಬರೆದಿರುತ್ತದೆ. ಕಂದು ಚರ್ಮದಲ್ಲಿ ಅದು ಬಿಳಿಯಾಗಿ ಕಾಣುವುದಿಲ್ಲ, ಬೂದಿ ಬಳಿದಂತೆ ಮಂಕಾಗುತ್ತದೆ, ಅರೆಬೆಳಕಿನಲ್ಲಿ ಅದೂ ಕಾಣದು. ಬಣ್ಣ ನೆಚ್ಚದೆ ಸ್ಪರ್ಶ ನೆಚ್ಚಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಮುಖ ಸೊಟ್ಟಗೆ ಮಾಡಿ ನೋಡಿ, ಬೆರಳು ಮಡಚಿ ನೋಡಿ. ನೋವು ಮೊದಲ ಎಚ್ಚರಿಕೆ, ಆ ನೋವು ನಿಂತು ಮರಗಟ್ಟಿದರೆ ಅಲ್ಲೇ ನಿಂತು ಕೈಯನ್ನು ಕಂಕುಳಿಗೆ, ಅಂಗೈಯನ್ನು ಕೆನ್ನೆಗೆ ಒತ್ತಿ ಬಿಸಿ ಮಾಡಬೇಕು. ಉಜ್ಜಬಾರದು, ಹಿಮದಿಂದಂತೂ ಖಂಡಿತ ಉಜ್ಜಬಾರದು.

ಗೇರುಬೀಜದ ಲೆಕ್ಕ

ನೀರಿನ ಚೀಲ ಜಾಕೆಟ್ಟಿನೊಳಗೆ, ಬೆನ್ನಿಗೆ ತಾಗಿ ಇರಬೇಕು. ಪ್ರತಿ ಗುಟುಕಿನ ನಂತರ ಕೊಳವೆಯೊಳಕ್ಕೆ ಊದಿ ನೀರನ್ನು ಚೀಲಕ್ಕೆ ಹಿಂದೆ ಕಳಿಸಬೇಕು. ಒಮ್ಮೆ ಮರೆತರೂ ಕೊಳವೆ ಕಟ್ಟಿಕೊಳ್ಳುತ್ತದೆ. ಫ್ಲಾಸ್ಕ್ ಒಯ್ಯುವವರು ಅದನ್ನು ತಲೆಕೆಳಗಾಗಿ ಇಡುತ್ತಾರೆ, ಮಂಜುಗಡ್ಡೆ ಮೇಲ್ಭಾಗದಲ್ಲಿ ಮೊದಲು ಕಟ್ಟುವುದರಿಂದ ಬಾಯಿ ಮುಚ್ಚಿಕೊಳ್ಳುವುದಿಲ್ಲ.

ಗಂಟೆಗೆ 200ರಿಂದ 300 ಕ್ಯಾಲರಿ ಹೊಟ್ಟೆಗೆ ಹೋಗುತ್ತಿರಬೇಕು. ತೇವವಿರುವ ಯಾವುದೂ ನಡೆಯುವುದಿಲ್ಲ: ಬಾಳೆಹಣ್ಣು ಕೋಲಾಗುತ್ತದೆ, ಇಡ್ಲಿ ಕಲ್ಲಾಗುತ್ತದೆ, ನಮ್ಮ ಬಾಳೆಹಣ್ಣಿನ ಹಲ್ವ ಹಲ್ಲಿಗೆ ಸವಾಲು ಹಾಕುತ್ತದೆ. ಇಂಥಲ್ಲಿ ಗೇರುಬೀಜಕ್ಕೆ ಸಾಟಿಯಿಲ್ಲ. ನೀರಿನಂಶ ತೀರಾ ಕಮ್ಮಿ, ಕೊಬ್ಬು ಬೇಕಾದಷ್ಟು, ಮೈನಸ್ 20ರಲ್ಲೂ ಕಡಿಯಲು ಬರುತ್ತದೆ. 100 ಗ್ರಾಮಿಗೆ ಸುಮಾರು 550 ಕ್ಯಾಲರಿ. ಹುರಿದು ಉಪ್ಪು ಹಾಕಿ, ಕೈಗವಸಿನಲ್ಲೂ ಬಾಯಿಗೆ ಸುರಿದುಕೊಳ್ಳಲು ಆಗುವಂತೆ ಅಗಲ ಬಾಯಿಯ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. ಚಿಕ್ಕಿಯನ್ನು ಮನೆಯಲ್ಲೇ ಒಂದೊಂದು ತುತ್ತಿನಷ್ಟು ಒಡೆದು ಒಯ್ಯಬೇಕು.

ಹಾದಿಯ ಮೇಲೆ

ರೇಸುಗಳಲ್ಲಿ ಎರಡು ಜಾತಿ. ಒಂದು, ಸ್ಕೀ ಮಾಡಲು ಯಂತ್ರದಲ್ಲಿ ಸಮ ಮಾಡಿದ ಹಾದಿಯಲ್ಲಿ 20ರಿಂದ 50 ಕಿಲೋಮೀಟರಿನ ರೇಸು. ವಿಸ್ಕಾನ್ಸಿನ್ನಿನ ಫ್ಯಾಟ್ ಬೈಕ್ ಬರ್ಕಿ ಇಂಥದ್ದು. ಹಾದಿ ಹಾಳಾಗಬಾರದೆಂದು ಇಂಥ ಕಡೆ ಟಯರಿಗೆ ಕನಿಷ್ಠ ಅಗಲ, ಗಾಳಿಗೆ ಗರಿಷ್ಠ ಮಿತಿ ಇಡುವುದು ರೂಢಿ, ಸಾಮಾನ್ಯವಾಗಿ ಮೂರೂವರೆ ಇಂಚಿಗಿಂತ ಹೆಚ್ಚು, 10 ಪಿಎಸ್‌ಐಗಿಂತ ಕಡಿಮೆ. ಹಿಂದೆ ಒಂದಿಂಚು ಆಳದ ಗೆರೆ ಬೀಳುತ್ತಿದ್ದರೆ ಆ ದಿನ ಆ ಹಾದಿಗೆ ಇಳಿಯಬಾರದು ಎಂಬುದು ಶಿಷ್ಟಾಚಾರ. ಇನ್ನೊಂದು ಜಾತಿ, ಸ್ನೋಮೊಬೈಲ್ ಎಂಬ ಹಿಮದ ಮೋಟಾರು ಬಂಡಿಗಳು ಓಡಾಡುವ ಕಾಡುದಾರಿಯಲ್ಲಿ ದಿನಗಟ್ಟಲೆ ನಡೆಯುವ ದೂರದ ರೇಸು. ಮಿನೆಸೋಟದ ಇಂಟರ್‌ನ್ಯಾಷನಲ್ ಫಾಲ್ಸ್ ಊರಿನಿಂದ ಹೊರಡುವ ಆರೋಹೆಡ್ 135 ಇದರಲ್ಲಿ ಹೆಸರುವಾಸಿ. 135 ಮೈಲಿ ಎಂದರೆ 217 ಕಿಲೋಮೀಟರ್, ಮಂಗಳೂರಿನಿಂದ ಹೆದ್ದಾರಿಯಲ್ಲಿ ಕುಮಟಾ ದಾಟುವಷ್ಟು. ಅದಕ್ಕೆ ಕೊಡುವ ಸಮಯ 60 ಗಂಟೆ. ಅಲಾಸ್ಕದ ಇಡಿಟರಾಡ್ ಟ್ರೇಲ್ ಇನ್ವಿಟೇಷನಲ್ 350 ಮೈಲಿ, ಗಟ್ಟಿಗರಿಗೆ 1000 ಮೈಲಿ. ಹಿಂದೆ ಚಳಿಯ ರೇಸು ಮುಗಿಸಿದ ಅನುಭವ ತೋರಿಸದವರಿಗೆ ಅಲ್ಲಿ ಜಾಗವಿಲ್ಲ. ಸರಿಯಾದ ಕ್ರಮವೂ ಅದೇ. ಮೊದಲು ಒಂದೆರಡು ಸಣ್ಣ ಸುತ್ತಿನ ರೇಸು, ಸಂಜೆ ಬೆಚ್ಚನೆ ಕೋಣೆಗೆ ಮರಳುವಂಥದ್ದು.

ಸಣ್ಣ ರೇಸಿನಲ್ಲಿ ಆರಂಭ ಮುಖ್ಯ. ಅಗಲದ ದಾರಿ ಕೆಲವೇ ನಿಮಿಷದಲ್ಲಿ ಒಂಟಿ ಗೆರೆಯಾಗುತ್ತದೆ, ಗೆರೆ ಬಿಟ್ಟರೆ ಮೊಣಕಾಲಿನವರೆಗೆ ಹೂಳುವ ಮೆತ್ತನೆ ಹಿಮ. ಮುಂದಿನವರನ್ನು ದಾಟಬೇಕಾದವರೇ ಮೆತ್ತಗಿನ ಅಂಚಿಗೆ ಇಳಿಯಬೇಕು. ಹಾಗಾಗಿ ದಾರಿ ಗಟ್ಟಿಯಿರುವ ಜಾಗಕ್ಕೆ ಕಾದು, ಕೂಗಿ ಹೇಳಿ, ಒಂದೇ ಬಿರುಸಿನಲ್ಲಿ ದಾಟಬೇಕು. ಇನ್ನೊಬ್ಬರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸುವ ರೋಡ್ ಬೈಕಿನ ಚಾಲಾಕಿ ಗಂಟೆಗೆ 12 ಕಿಲೋಮೀಟರಿನಲ್ಲಿ ಏನೂ ಉಳಿಸುವುದಿಲ್ಲ. ಹಿಂದೆ ಹೋಗುವುದರ ಲಾಭ ಬೇರೆ: ಅವರ ಚಕ್ರ ಒತ್ತಿದ ಗೆರೆ ಗಟ್ಟಿಯಿರುತ್ತದೆ.

ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ತಿದ್ದಲು ಹೋದಷ್ಟೂ ಮುಂದಿನ ಚಕ್ರ ಅಗೆಯುತ್ತದೆ. ಭಾರ ಸ್ವಲ್ಪ ಹಿಂದಕ್ಕೆ, ಕೈ ಸಡಿಲ, ಸೊಂಟದಿಂದ ದಿಕ್ಕು. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತೇ ಒಂದೇ ಸಮನೆ ತುಳಿಯಬೇಕು. ಇದನ್ನೆಲ್ಲ ಒಣ ಹೊಯಿಗೆ ಚೆನ್ನಾಗಿ ಕಲಿಸುತ್ತದೆ. ವೇಗ ನಡಿಗೆಗಿಂತ ಕೆಳಗೆ ಬಂದರೆ ಇಳಿದು ತಳ್ಳುವುದೇ ಬುದ್ಧಿವಂತಿಕೆ. ಹೊಸ ಹಿಮ ಬಿದ್ದ ವರ್ಷ ಮೊದಲ ಸ್ಥಾನದವರೂ ಗಂಟೆಗಟ್ಟಲೆ ತಳ್ಳುತ್ತಾರೆ. ಗೇರನ್ನು ಕೆಲವು ನಿಮಿಷಕ್ಕೊಮ್ಮೆ ಸುಮ್ಮನಾದರೂ ಮೇಲೆ ಕೆಳಗೆ ಮಾಡುತ್ತಿರಬೇಕು, ಬಳಸದ ಹಲ್ಲುಗಳ ನಡುವೆ ಹಿಮ ಒತ್ತಿ ಮಂಜುಗಡ್ಡೆಯಾದರೆ ಬೇಕಾದಾಗ ಚೈನು ಕೂರುವುದಿಲ್ಲ.

ದೂರದ ರೇಸಿಗೆ ಹೊರಡುವ ಮುಂಚೆ ಸಾಮಾನು ತಪಾಸಣೆಯಿದೆ. ಆರೋಹೆಡ್ಡಿನ ಪಟ್ಟಿಯಲ್ಲಿ ಮೈನಸ್ 29 ಡಿಗ್ರಿ ತಡೆಯುವ ಮಲಗುಚೀಲ, ಅದರಡಿಗೆ ಹಾಸುವ ಪ್ಯಾಡು, ಟೆಂಟು ಅಥವಾ ಮೇಲುಹೊದಿಕೆ ಚೀಲ, ಸ್ಟೌ, ಪಾತ್ರೆ, ಕಾಲು ಲೀಟರಿನಷ್ಟು ಇಂಧನ, ಸುಮಾರು ಎರಡು ಲೀಟರಿನ ಹೆಪ್ಪುಗಟ್ಟದ ನೀರಿನ ಪಾತ್ರೆ, ಮುಂದೆ ಹಿಂದೆ ಮಿನುಗುವ ಕೆಂಪು ದೀಪ ಎಲ್ಲವೂ ಇವೆ. 3000 ಕ್ಯಾಲರಿ ಆಹಾರ ಯಾವಾಗಲೂ ಇರಬೇಕು, ಮುಕ್ತಾಯದ ಗೆರೆ ದಾಟುವಾಗಲೂ. ಅಂದರೆ ತಿಂದು ಮುಗಿಸಲೆಂದು ಒಯ್ಯುವುದು ಬೇರೆ, ಮುಟ್ಟದೆ ವಾಪಸು ತರುವ 550 ಗ್ರಾಂ ಗೇರುಬೀಜ ಬೇರೆ. ಇಂಧನವನ್ನು ವಿಮಾನದಲ್ಲಿ ಬಿಡುವುದಿಲ್ಲ, ಬಳಸಿದ ಸ್ಟೌವಿನಲ್ಲಿ ವಾಸನೆ ಉಳಿದಿದ್ದರೂ ತಕರಾರು. ಇಂಧನ ಅಲ್ಲೇ ಕೊಳ್ಳಬೇಕು. ಬ್ಯಾಟರಿಗಳನ್ನು ಒಳಜೇಬಿನಲ್ಲಿಟ್ಟು ಬೇಕಾದಾಗ ಮಾತ್ರ ಹೊರತೆಗೆಯಬೇಕು, ತಲೆದೀಪಕ್ಕೆ ರೀಚಾರ್ಜ್ ಆಗದ ಲಿಥಿಯಂ ಸೆಲ್ಲು ಚಳಿಯಲ್ಲಿ ಹೆಚ್ಚು ಬಾಳುತ್ತದೆ. ಜನವರಿ ಕೊನೆಗೆ ಅಲ್ಲಿ ಹಗಲು ಒಂಬತ್ತು ಗಂಟೆ ಚಿಲ್ಲರೆ ಮಾತ್ರ.

ಅದೇ ಪಟ್ಟಿಯಲ್ಲಿ ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಳ್ಳುವ ಒಂದು ಸೀಟಿಯೂ ಇದೆ. ತುಟಿ ಮರಗಟ್ಟಿ ಕೂಗಲು ಆಗದಿದ್ದಾಗ ಊದುವುದಕ್ಕೆ. ಪ್ಲಾಸ್ಟಿಕ್ಕಿನದು ತೆಗೆದುಕೊಳ್ಳಿ, ಲೋಹದ್ದು ತುಟಿಗೆ ಅಂಟಿಕೊಳ್ಳುತ್ತದೆ. ಒಳಗೆ ಗೋಲಿ ಇಲ್ಲದ್ದೇ ಇರಲಿ, ಉಸಿರಿನ ತೇವಕ್ಕೆ ಗೋಲಿ ಹೆಪ್ಪುಗಟ್ಟಿ ಕೂತರೆ ಸೀಟಿ ಸದ್ದು ಮಾಡುವುದಿಲ್ಲ.